ಒರೆಸಿದ ನೆಲ ಒಣಗುವವರೆಗೆ

ಆ ಮನೆಯಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ನನಗೆ ಅನುಮಾನ ಹುಟ್ಟಿದ್ದೇ ಅದರಿಂದ.

ಬಾಗಿಲು ಪೂರ್ವಕ್ಕಿತ್ತು. ಅಡುಗೆಮನೆ ಆಗ್ನೇಯದಲ್ಲಿ, ಕೊಳವೆಬಾವಿ ಈಶಾನ್ಯದಲ್ಲಿ, ದೊಡ್ಡವರು ಮಲಗುವ ಕೋಣೆ ನೈಋತ್ಯದಲ್ಲಿ, ಎಲ್ಲವೂ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಅದರ ಮೇಲೆ ಫೆಂಗ್ ಶೂಯಿಯ ಸರಂಜಾಮು ಬೇರೆ. ಬಾಗಿಲ ಎದುರು ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ, ಕಿಟಕಿಗೆ ಕಿಣಿಕಿಣಿ ಗಂಟೆ, ಗಾಜಿನ ಬಟ್ಟಲಲ್ಲಿ ಬಿದಿರಿನ ಕಡ್ಡಿ, ನಡುಮನೆಯ ಮೂಲೆಯಲ್ಲಿ ಕರೆಂಟಿನ ಕಾರಂಜಿ, ಉತ್ತರದ ಕೋಣೆಯ ಗೋಡೆಗೆ ಆಳೆತ್ತರದ ಕನ್ನಡಿ. ಅದು ಮಾರಾಟಕ್ಕಿಟ್ಟ ಖಾಲಿ ಮನೆ. ಯಾರೂ ವಾಸವಿಲ್ಲದ ಕಡೆ ಯಾರ ಅದೃಷ್ಟಕ್ಕೆಂದು ಇಷ್ಟೆಲ್ಲ ತಂದಿಟ್ಟಿದ್ದಾರೆ ಎಂದು ನಾನು ಬಾಗಿಲಲ್ಲೇ ನಿಂತು ಯೋಚಿಸಿದೆ.

ಮನೆ ನೋಡಿ ಹೇಳುವುದು ನನ್ನ ಕಸುಬು. ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆಯ ಮುಂಗೋಣೆಯೇ ಆಫೀಸು. ನಾನು ಓದಿದ್ದು ಕಟ್ಟಡದ ನಕ್ಷೆ ಬರೆಯುವುದನ್ನು. ವಾಸ್ತುವನ್ನು ಗಿರಾಕಿಗಳೇ ಕಾಡಿ ಕಲಿಸಿದರು, ಫೆಂಗ್ ಶೂಯಿಯನ್ನು ಅವರ ಮಕ್ಕಳು ಕೇಳಿ ಕೇಳಿ ಕಲಿಸಿದರು. ಎರಡರಲ್ಲೂ ನನಗೆ ಕಂಡ ಹುರುಳು ಇಷ್ಟೇ: ಮನೆಯೊಳಗೆ ಗಾಳಿ ಹೇಗೆ ಓಡಾಡುತ್ತದೆ, ಬೆಳಕು ಎಲ್ಲಿ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಮನುಷ್ಯ ಎಲ್ಲಿ ಮಲಗಿದರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ. ಚೀನಾದವರು ಈ ಓಡಾಟವನ್ನು ‘ಚೀ’ ಎನ್ನುತ್ತಾರೆ. ನಮ್ಮ ಕಡೆಯ ಹೆಂಗಸರ ಮುಂದೆ ಹಾಗಂದರೆ ಮೂಗು ಮುಚ್ಚಿಕೊಂಡಾರು, ಆದ್ದರಿಂದ ನಾನು ಗಾಳಿ ಬೆಳಕು ಎಂದಷ್ಟೇ ಹೇಳುತ್ತೇನೆ.

ನನ್ನನ್ನು ಕರೆಸಿದವಳು ಬೂಕನಕೆರೆ ಕಡೆಯ ಒಂದು ಹಳ್ಳಿಯವಳು. ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಗಂಡ ಕಬ್ಬು, ಭತ್ತ ಎಂದು ಹೊಲದಲ್ಲೇ ಇರುವವನು. ಅವರ ಮನೆಯ ಹಿಂದೆ, ರಸ್ತೆ ದಾಟಿದರೆ ಒಂದು ಆಲೆಮನೆ. ಬೆಲ್ಲದ ಕೊಪ್ಪರಿಗೆಯ ಕೆಳಗೆ ರಸ ಹಿಂಡಿದ ಕಬ್ಬಿನ ಒಣ ರಚ್ಚು ಉರಿಯುವ ತನಕ ಹೊಗೆ ಹೇಗೋ ಸಹಿಸಬಹುದು. ರಚ್ಚು ಸಾಲದೆ ಹಳೇ ಟೈರು ತುರುಕಿದ ದಿನ ಊರಿಗೆ ಊರೇ ಕೆಮ್ಮುತ್ತದೆ. ಅವಳ ಮಗಳಿಗೆ ಉಬ್ಬಸ. ಕಪ್ಪು ಹೊಗೆ ಎದ್ದ ರಾತ್ರಿಗಳಲ್ಲಿ ಆ ಹುಡುಗಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿತ್ತು. ಹೊಗೆ, ತೇವ ಎರಡರಿಂದಲೂ ಮಗುವನ್ನು ದೂರ ಇಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಪಾಂಡವಪುರದಲ್ಲಿ ಒಂದು ಮನೆ ಕೊಂಡು ಮಗಳನ್ನು ಕರೆದುಕೊಂಡು ಬಂದುಬಿಡುವುದು, ಅಲ್ಲಿಂದಲೇ ಬಸ್ಸಿನಲ್ಲಿ ಡೇರಿಗೆ ಓಡಾಡುವುದು ಎಂದು ತೀರ್ಮಾನ ಮಾಡಿದ್ದಳು.

“ಅಕ್ಕ, ಮನೆ ಪಸಂದಾಗದೆ. ನೀವು ಬಂದು ಮಗೀನ ಎಲ್ಲಿ ಮನಗಿಸ್ಬೇಕು ಅಂತ ಯೋಳ್ಬುಡಿ, ಸಾಕು” ಎಂದಿದ್ದಳು ಫೋನಿನಲ್ಲಿ. ಅವಳ ಅತ್ತೆಯ ಪಟ್ಟು ಒಂದೇ: ಆಷಾಢ ಹುಟ್ಟುವುದರೊಳಗೆ ರಿಜಿಸ್ಟ್ರೇಷನ್ ಆಗಬೇಕು. ಆ ಮಾಸದಲ್ಲಿ ನಮ್ಮ ಕಡೆ ಮನೆ ಕೊಳ್ಳುವ ಮಾತಿರಲಿ, ಮನೆಯ ಸುದ್ದಿಯನ್ನೂ ಎತ್ತುವುದಿಲ್ಲ.

ನಾನು ಯಾವಾಗಲೂ ಗಿರಾಕಿಗಿಂತ ಮುಂಚೆ ಹೋಗುತ್ತೇನೆ. ಮನೆಯವರು ಬಂದ ಮೇಲೆ ದಲ್ಲಾಳಿ ಮಾತಿಗೆ ನಿಲ್ಲುತ್ತಾನೆ, ಮಾತು ಕೇಳುತ್ತ ಮನೆ ನೋಡಲಾಗುವುದಿಲ್ಲ. ದಿಕ್ಸೂಚಿಯನ್ನು ತೆಗೆಯುವುದು ಕೊನೆಗೆ. ಮೊದಲು ಸುತ್ತಮುತ್ತಲ ಮನೆಗಳ ಗೋಡೆಯ ಬುಡ, ಆಮೇಲೆ ಹಿತ್ತಲು, ಆಮೇಲೆ ಟೆರೇಸು, ಆಮೇಲೆ ಒಳಗೆ. ಕಪಾಟುಗಳ ಕೆಳಗಿನ ಬಾಗಿಲು ತೆಗೆದು ಮೂಸುತ್ತೇನೆ. ಗೋಡೆಯನ್ನು ಅಂಗೈಯಿಂದ ಮುಟ್ಟುವುದಿಲ್ಲ, ಕೈಯ ಹಿಂಬದಿಯಿಂದ ಮುಟ್ಟುತ್ತೇನೆ, ಅಲ್ಲಿ ತಂಪು ಬೇಗ ತಿಳಿಯುತ್ತದೆ. ಕೆಲವರಿಗೆ ಇದು ಮಂತ್ರ ಹಾಕುವ ಹಾಗೆ ಕಾಣುತ್ತದಂತೆ. ಕಾಣಲಿ ಬಿಡಿ, ಅದರಿಂದ ನನ್ನ ಮರ್ಯಾದೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಬೇಸಿಗೆ ಕೊನೆಯ ಉರಿ ಬಿಸಿಲು. ನಾಲೆಯ ರಿಪೇರಿ ಎಂದು ಆ ವರ್ಷ ಬೇಸಿಗೆ ಬೆಳೆಗೆ ನೀರನ್ನೇ ಬಿಟ್ಟಿರಲಿಲ್ಲ. ಬಯಲೆಲ್ಲ ಬಿರುಕು ಬಿಟ್ಟಿತ್ತು. ಆದರೆ ಆ ಮನೆಯ ಹಿತ್ತಲಲ್ಲಿ, ತೇವವಿಲ್ಲದೆ ಬದುಕದ ಒಂದೆಲಗದ ಸೊಪ್ಪು ಚಾಪೆ ಹಾಸಿದ ಹಾಗೆ ಹಬ್ಬಿತ್ತು. ಹತ್ತಿರದಲ್ಲಿ ನಲ್ಲಿ ಇಲ್ಲ, ಪೈಪೂ ಇಲ್ಲ. ಟೆರೇಸು ಹತ್ತಿ ನೋಡಿದೆ. ಹಿಂದಿನ ಖಾಲಿ ಸೈಟು ದಾಟಿದರೆ ನಾಲೆಯ ಏರಿ. ಒಣಗಿ ಬಿದ್ದಿದ್ದ ನಾಲೆಯ ತಳವೇ ಈ ಮನೆಯ ನೆಲಕ್ಕಿಂತ ಎತ್ತರದಲ್ಲಿತ್ತು. ನಾಲೆ ತುಂಬಿ ಹರಿದಾಗ ಅದರ ನೀರು ನೆಲದೊಳಗೆ ಬಸಿಯುತ್ತ ತಗ್ಗಿಗೆ ಬರಲೇಬೇಕು. ಇದು ಈ ಬಯಲಿನ ರೈತರಿಗೆಲ್ಲ ಗೊತ್ತು. ಆದರೆ ಅವರು ಅದನ್ನು ಗದ್ದೆ ಕೊಳ್ಳುವಾಗ ನೋಡುತ್ತಾರೆ, ಮನೆ ಕೊಳ್ಳುವಾಗ ಬಾಗಿಲಿನ ದಿಕ್ಕು ನೋಡುತ್ತಾರೆ.

ಒಳಗೆ ಉತ್ತರದ ಕಡೆಯ ಕೋಣೆಗಳ ಗೋಡೆಗೆಲ್ಲ ಸೊಂಟದೆತ್ತರಕ್ಕೆ ಹೊಳೆಯುವ ಪ್ಲಾಸ್ಟಿಕ್ ಹಲಗೆ ಹೊಡೆದಿದ್ದರು. ಮಂಚಗಳ ಕಾಲಿನಡಿ ಸಿಮೆಂಟಿನ ಇಟ್ಟಿಗೆ. ಮೂಲೆ ಮೂಲೆಯಲ್ಲಿ ಕರ್ಪೂರ, ನುಸಿಗುಳಿಗೆ. ನೆಲಕ್ಕೆ ತಾಗುವ ಯಾವ ವಸ್ತುವೂ ಮರದ್ದಾಗಿರಲಿಲ್ಲ.

“ಈ ಹಲಗೆ ಒಂದನ್ನ ಬಿಚ್ಚಿ ತೋರಿಸ್ತೀರಾ?” ಎಂದು ದಲ್ಲಾಳಿಯನ್ನು ಕೇಳಿದೆ.

ಅವನು ಬಿಳಿ ಅಂಗಿಯ, ನಗುಮುಖದ ಮನುಷ್ಯ. “ಬಿಚ್ಚುದ್ರೆ ಗೋಡೆ ಹಾಳಾಯ್ತದೆ ಮೇಡಂ. ಡೆಕೋರೇಸನ್ನು ಅದು” ಎಂದ. ಆಮೇಲೆ ದನಿ ತಗ್ಗಿಸಿ, “ಮನೆ ಓನರ್ರು ಒಳ್ಳೆ ಜನ, ಒಳ್ಳೆ ಮನೆ ಇದು. ನೀವೊಂದ್ ಒಳ್ಳೆ ಮಾತಾಡಿ. ನಿಮ್ಮನ್ನೂ ನಾವು ಮರೆಯಕಿಲ್ಲ” ಎಂದ. ಮೊದಲೇ ಅನುಮಾನದವಳು ನಾನು, ಈ ಮಾತು ಕೇಳಿದ ಮೇಲೆ ಅವನ ನಗುಮುಖದ ಮೇಲೂ ಅನುಮಾನ ಬಂತು.

ಪಕ್ಕದ ಮನೆಯ ಹೆಂಗಸು ಗೇಟಿನಲ್ಲಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ “ಬೋ ಚೆಂದಾಗದೆ ಕಣವ್ವ ಮನೆ” ಎಂದಳು. ಅವಳ ಬಾಗಿಲಿನ ಚೌಕಟ್ಟಿನ ಬುಡಕ್ಕೆ ತಗಡು ಹೊಡೆದಿತ್ತು. ಅದೇಕೆ ಎಂದೆ. ಇಲಿ ಕಾಟ ಎಂದಳು. ನಿಮ್ಮ ಮನೆಯನ್ನೂ ಮಾರುತ್ತೀರಾ ಎಂದು ಸುಮ್ಮನೆ ಒಂದು ಮಾತು ಬಿಟ್ಟೆ. “ಒಳ್ಳೆ ಪಾರ್ಟಿ ಇದ್ರೆ ನೋಡಿ” ಎಂದು ಅವಳು ತಟ್ಟನೆ ಹತ್ತಿರ ಬಂದಳು. ಅವಳಿಂದ ಇನ್ನು ನಿಜ ಹೊರಡುವುದಿಲ್ಲ ಎಂದು ನನಗೆ ತಿಳಿಯಿತು.

ಅಷ್ಟರಲ್ಲಿ ಆಟೋ ಬಂತು. ಡೇರಿಯವಳು, ಅವಳ ಅತ್ತೆ, ಮಗಳು ಮೂವರೂ ಇಳಿದರು. ಹುಡುಗಿ ಒಳಗೆ ಓಡಿದವಳೇ ಕಿಟಕಿಯ ಗಂಟೆಯನ್ನು ಕಿಣಿಕಿಣಿ ಎನಿಸಿದಳು, ಕಾರಂಜಿಗೆ ಬೆರಳಿಟ್ಟಳು, ಉತ್ತರದ ಕೋಣೆಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು “ಇದು ನನ್ ರೂಮು” ಎಂದು ಕೂಗಿದಳು. ಅತ್ತೆ ದೇವರ ಗೂಡಿನ ಮುಂದೆ ನಿಂತು ಕೈ ಮುಗಿದರು. “ನಮ್ ಮನೆದೇವ್ರೇ ತೋರ್ಸಿರೋ ಮನೆ ಕಣವ್ವ” ಎಂದರು ನನಗೆ. ಡೇರಿಯವಳು ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡು ನಕ್ಕಳು. ಹೊಗೆಯಿಲ್ಲದ ಗಾಳಿ. ಆ ನಗುವನ್ನು ನೋಡಲಾರದೆ ನಾನು ಗೋಡೆಯ ಹಲಗೆಯ ಕಡೆ ತಿರುಗಿದೆ.

ನನ್ನ ಕೈಯಲ್ಲಿ ಸಾಕ್ಷಿ ಏನೂ ಇರಲಿಲ್ಲ. ನೆಲ ಒಣಗಿತ್ತು, ಗೋಡೆಯ ಮೇಲ್ಭಾಗ ಒಣಗಿತ್ತು. ಸೊಪ್ಪು ಬೆಳೆದಿದೆ, ಹಲಗೆ ಹೊಡೆದಿದ್ದಾರೆ ಎಂದರೆ ಯಾರು ಕೇಳುತ್ತಾರೆ? ಆಗ ನಾನು ಸುಲಭದ ದಾರಿ ಹಿಡಿದೆ. ಎದುರಿನ ಅಡ್ಡರಸ್ತೆ ಬಂದು ಇವರ ಕಾಂಪೌಂಡಿನ ಒಂದು ಮೂಲೆಗೆ ಮುಗಿಯುತ್ತಿತ್ತು. ರಸ್ತೆ ನೇರ ಗೇಟಿಗೇ ಬಂದು ಮುಗಿದರೆ ಮನೆಗೆ ಕುತ್ತು ಎನ್ನುತ್ತಾರೆ, ಇದು ಬರೀ ಮೂಲೆಗೆ. ಲೆಕ್ಕಕ್ಕೇ ಬರದ ಸಂಗತಿ ಅದು. ನಾನು ಮುಖ ಗಂಭೀರ ಮಾಡಿಕೊಂಡು, “ಬೀದಿ ಕುತ್ತು ಇದೆಯಲ್ಲ” ಎಂದೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಬಂದ ಆಟೋದಲ್ಲೇ ವಾಪಸು ಹೊರಟರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನನ್ನ ಜಾಣತನಕ್ಕೆ ನಾನೇ ಬೀಗುತ್ತ ಊರು ಸೇರಿದೆ.

ಆ ವಾರ ಕಳೆಯುವುದರೊಳಗೆ ಡೇರಿಯವಳ ಫೋನು ಬಂತು. ದಲ್ಲಾಳಿ ನಾಗಮಂಗಲ ಕಡೆಯಿಂದ ಇನ್ನೊಬ್ಬ ತಜ್ಞನನ್ನು ಕರೆಸಿದ್ದನಂತೆ. ಅವನು ಮೂಲೆಗೆ ಒಂದು ಎಂಟು ಮೂಲೆಯ ಕನ್ನಡಿ ಬಡಿದು, ಅದರ ಕೆಳಗೆ ಗಣಪತಿಯ ಟೈಲ್ಸು ಅಂಟಿಸಿ, ಕುತ್ತು ಹೋಯಿತು ಎಂದನಂತೆ. ಅಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ.

“ನಿಮ್ ಊರಲ್ಲಿ ಯಾರ್ದೋ ಸೈಟು ಮಾರ್ಸೋಕೆ ನೀವು ಈ ಮನೆ ಕೆಡಿಸ್ತಾ ಇದ್ದೀರಿ ಅಂದ ದಲ್ಲಾಳಿ. ನಾನು ನಂಬ್ಲಿಲ್ಲ. ಅತ್ತೆ ನಂಬವ್ರೆ” ಎಂದಳು. ಹಾಗೆಂದವಳೇ, “ನಿಜವಾ ಅಕ್ಕ?” ಎಂದು ಕೇಳಿದಳು.

ನಂಬಲಿಲ್ಲ ಎಂದವಳು ಯಾಕೆ ಕೇಳಬೇಕು? ನನಗೆ ಸಿಟ್ಟಿಗಿಂತ ಅವಮಾನ ಹೆಚ್ಚಾಯಿತು. ಊರವರೆಲ್ಲರ ಮೇಲೆ ಅನುಮಾನ ಪಡುತ್ತ ಬದುಕುವವಳು ನಾನು. ನನ್ನ ಮೇಲೆ ಯಾರಾದರೂ ಅನುಮಾನಪಟ್ಟರೆ ಹೇಗಿರುತ್ತದೆ ಎಂದು ಅದುವರೆಗೆ ಯೋಚಿಸಿರಲಿಲ್ಲ. ಫೋನಿಟ್ಟು ಎರಡು ಲೋಟ ನೀರು ಕುಡಿದೆ. ಸಿಟ್ಟು ಇಳಿದ ಮೇಲೆ ವಿಷಯ ಸ್ಪಷ್ಟವಾಯಿತು. ದೋಷ ಎಂದರೆ ಅದಕ್ಕೆ ಪರಿಹಾರ ಇದ್ದೇ ಇರುತ್ತದೆ, ಅದನ್ನು ಮಾರುವವನೂ ಇರುತ್ತಾನೆ. ಕುತ್ತು ಎಂದು ಹೇಳಿ, ನಾನಾಗಿಯೇ ದಲ್ಲಾಳಿಯ ಅಂಗಡಿಗೆ ಹೋಗಿ ವ್ಯಾಪಾರಕ್ಕೆ ನಿಂತ ಹಾಗಾಗಿತ್ತು. ನೆಲದಡಿಯ ನೀರಿಗೆ ಕನ್ನಡಿಯೂ ಇಲ್ಲ, ಟೈಲ್ಸೂ ಇಲ್ಲ. ಮೊದಲೇ ಅದನ್ನು ನೇರವಾಗಿ ಹೇಳಬೇಕಿತ್ತು.

ಕರೆಯದೆ ಯಾರ ಮನೆಗೂ ಹೋಗುವ ಜಾಯಮಾನ ನನ್ನದಲ್ಲ. ಆದರೂ ಮರುದಿನ ಬೆಳಿಗ್ಗೆ ಬೂಕನಕೆರೆಗೆ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಹಳ್ಳಿ ಹತ್ತಿರವಾದಂತೆ ಬೆಲ್ಲದ ಪರಿಮಳ ಬಂತು, ಅದರ ಹಿಂದೆಯೇ ಸುಟ್ಟ ರಬ್ಬರಿನ ವಾಸನೆ. ಅತ್ತೆ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದರು.

“ಬಾವ್ವ. ಇನ್ಯಾವ ದೋಸ ತಂದಿದ್ದೀಯೆ?” ಎಂದರು ತಲೆಯೆತ್ತದೆ.

“ದೋಷ ಇಲ್ಲ ಅಂತ ಹೇಳೋಕೆ ಬಂದೆ ಕಣವ್ವ. ಆ ಕುತ್ತು ಗಿತ್ತು ಏನೂ ಇಲ್ಲ. ದಿಕ್ಕೆಲ್ಲ ಸರಿಯಾಗಿದೆ. ನನ್ನ ಭಯ ನಾಲೆಯ ನೀರಿನದು.”

ಡೇರಿಯವಳೂ ಹೊರಗೆ ಬಂದಳು. ನಾಲೆಯ ತಳ, ಹಿತ್ತಲ ಸೊಪ್ಪು, ಸೊಂಟದೆತ್ತರದ ಹಲಗೆ, ಮಂಚದಡಿಯ ಇಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಸಾಕ್ಷಿ ಇಲ್ಲ ಎಂಬುದನ್ನೂ ಹೇಳಿದೆ. ನಾಲೆಗೆ ನೀರು ಬಿಟ್ಟ ಮೇಲೆ ಒಂದು ಸಲ ನೋಡಿ, ಆಮೇಲೆ ಕೊಳ್ಳಿ ಎಂದೆ.

“ನೀರು ಬುಡೋದೇ ಆಸಾಡ್ದಲ್ಲಿ” ಎಂದರು ಅತ್ತೆ. “ಆಸಾಡ್ದಲ್ಲಿ ಯಾರವ್ವ ಮನೆ ನೋಡ್ತಾರೆ?”

“ಅದಕ್ಕೇ ಕಣವ್ವ ಇಂಥ ಮನೆಗಳು ಮಾರಾಟ ಆಗೋದು.”

ಅವರ ಕೈ ಮೊರದ ಮೇಲೆ ನಿಂತಿತು. ನಮ್ಮ ಬಯಲಿನ ಮನೆ ವ್ಯಾಪಾರವೆಲ್ಲ ಯುಗಾದಿಯಿಂದ ಆಷಾಢದವರೆಗೆ, ನೆಲ ಒಣಗಿರುವ ಕಾಲದಲ್ಲಿ ನಡೆಯುತ್ತದೆ. ಆಷಾಢವಿಡೀ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಶ್ರಾವಣದಲ್ಲಿ ಹಾಲುಕ್ಕಿಸಿ ಒಳಗೆ ಬರುವ ಹೊತ್ತಿಗೆ ಹಣವೂ ಪತ್ರವೂ ಕೈ ಬದಲಾಯಿಸಿರುತ್ತವೆ, ನೆಲದಡಿ ನೀರೂ ಬಂದಿರುತ್ತದೆ. ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಹೊಲ ಉತ್ತ ಮನೆತನದ ಹೆಂಗಸು, ತಾವೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡರು.

ಆದರೆ ಸೊಸೆ ಕೆರಳಿದಳು. “ಇಲ್ಲಿ ಹೊಗೆ. ಅಲ್ಲಿ ನೀರು ಅಂತೀರಿ. ಮೊನ್ನೆ ಕುತ್ತು ಅಂದ್ರಿ, ಇವತ್ತು ಅದಲ್ಲ ಅಂತೀರಿ. ನನ್ ಮಗ್ಳು ಎಲ್ಲೋಗಿ ಉಸ್ರಾಡ್ಬೇಕು? ಅದನ್ ಯೋಳಿ ಮೊದ್ಲು.”

ಒಳಗಿನಿಂದ ಹುಡುಗಿಯ ಕೆಮ್ಮು ಕೇಳಿಸುತ್ತಿತ್ತು. ಸುಮ್ಮನೆ ನಿಲ್ಲಲಾರದೆ, “ಇವಳು ಮಲಗೋ ಜಾಗ ತೋರಿಸು” ಎಂದೆ.

ಪಡುವಣ ಕೋಣೆ. ಗಾಳಿ ಬರಲಿ ಎಂದು ಮಂಚವನ್ನು ಕಿಟಕಿಯ ಕೆಳಗೇ ಹಾಕಿದ್ದರು. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ, ಆಲೆಮನೆ ಇರುವುದೂ ಪಡುವಣದಲ್ಲಿ. ಹೊಗೆ ನೇರವಾಗಿ ತಲೆದಿಂಬಿಗೆ ಬರುತ್ತಿತ್ತು. ಮಂಚದಡಿ ಹಳೇ ಗೋಣಿಚೀಲ, ಮೂಲೆಯಲ್ಲಿ ಹಿಂಡಿ ಮೂಟೆ, ಅಟ್ಟದ ಮೇಲೆ ಯಾವುದೋ ಕಾಲದ ಹಾಸಿಗೆ. ಮೂಡಣ ಕೋಣೆಯಲ್ಲಿ ಅತ್ತೆ ಮಲಗುತ್ತಿದ್ದರು. ಅಲ್ಲಿನ ಕಿಟಕಿ ತೆಂಗಿನ ತೋಟದ ಕಡೆಗಿತ್ತು.

“ಮಗುವಿನ ಮಂಚ ಅಲ್ಲಿಗೆ ಹೋಗಲಿ. ಅವ್ವ ನಡುಮನೆಯಲ್ಲಿ ಮಲಗಲಿ” ಎಂದೆ.

“ನನ್ ಜಾಗ್ವೇ ಬೇಕಾಗಿತ್ತಾ ನಿಂಗೆ?” ಎಂದರು ಅತ್ತೆ. ಬೈದುಕೊಂಡೇ ಒಳಗೆ ಹೋಗಿ ತಮ್ಮ ದಿಂಬು, ಕಂಬಳಿ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಹೊಲದಿಂದ ಬಂದ ಮಗನಿಗೆ ಮಂಚ ಎತ್ತಲು ಹೇಳಿದರು.

ಆ ಮಧ್ಯಾಹ್ನವೆಲ್ಲ ಕೆಲಸ ಮಾಡಿದೆವು. ಪಡುವಣ ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹಾಕಿ ಪಟ್ಟಿ ಹೊಡೆದೆವು. ಗೋಣಿಚೀಲ, ಹಿಂಡಿ ಮೂಟೆ ಕೊಟ್ಟಿಗೆಗೆ ಹೋದವು. ಹಳೇ ಹಾಸಿಗೆ ಮನೆಯಿಂದಲೇ ಆಚೆ ಹೋಯಿತು. ಸ್ನಾನದ ಹಂಡೆಯ ಒಲೆಯ ಹೊಗೆ ನಡುಮನೆಗೆ ನುಗ್ಗದಂತೆ ಹಿಂಬಾಗಿಲನ್ನು ಸಂಜೆ ಮುಚ್ಚಿಯೇ ಇಡಲು ಹೇಳಿದೆ. ಹುಡುಗಿಯ ಮಂಚ ಬಾಗಿಲಿಗೂ ಕಿಟಕಿಗೂ ನೇರ ಸಾಲಿನಲ್ಲಿ ಬಾರದ ಹಾಗೆ, ತಲೆಯ ಕಡೆ ಗಟ್ಟಿ ಗೋಡೆ ಇರುವ ಹಾಗೆ ಹಾಕಿಸಿದೆ. ಇದನ್ನು ಫೆಂಗ್ ಶೂಯಿ ಎನ್ನಿ, ವಾಸ್ತು ಎನ್ನಿ, ಮನೆಗೆಲಸ ಎನ್ನಿ, ನನಗೆ ಯಾವುದೂ ಒಂದೇ. ಹಣ ಕೊಡಲು ಬಂದವಳಿಗೆ ಬೇಡ ಎಂದೆ. ತೆಗೆದುಕೊಂಡಿದ್ದರೆ ಅವಳ ಅನುಮಾನ ಇನ್ನೊಂದು ಗೇಣು ಬೆಳೆಯುತ್ತಿತ್ತು.

ಕೆಲವು ದಿನಗಳ ಮೇಲೆ ಫೋನು ಮಾಡಿದಳು. “ರಾತ್ರಿ ಎದ್ದು ಕೂರೋದು ಕಮ್ಮಿಯಾಗದೆ ಅಕ್ಕ. ಟೈರು ಸುಟ್ಟಾಗ ಮಾತ್ರ ಅದೇ ಪಾಡು. ಅತ್ತೆ ಸ್ರಾವಣಕ್ಕೆ ನೋಡಾವ ಅಂದ್ರು. ದಲ್ಲಾಳಿ, ಇನ್ನೊಂದು ಪಾರ್ಟಿ ಕಾಯ್ತಾ ಅದೆ ಅಂತಾವ್ನೆ.”

ಆ ಇನ್ನೊಂದು ಪಾರ್ಟಿ ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ. ಕಾಯುವ ದಿನಗಳಲ್ಲಿ ನನ್ನ ಅನುಮಾನ ನನ್ನ ಮೇಲೇ ತಿರುಗಿತು. ಸೊಪ್ಪು ಹಬ್ಬಿದ್ದು ಪಕ್ಕದವರ ಬಚ್ಚಲ ನೀರಿಗೆ ಇರಬಹುದಲ್ಲ? ಹಲಗೆ ನಿಜವಾಗಿಯೂ ಅಲಂಕಾರಕ್ಕೇ ಇರಬಹುದಲ್ಲ? ಹೊಗೆಯಿಲ್ಲದ ಒಂದು ಮನೆಯನ್ನು ಆ ಮಗುವಿನ ಕೈಯಿಂದ ಕಿತ್ತುಕೊಂಡೆನೆ? ನಾಲೆಗೆ ನೀರು ಬಿಟ್ಟ ಸುದ್ದಿ ಬಂದ ದಿನ ನಾನು ಏರಿಯ ಮೇಲೆ ನಿಂತು, ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಹರಿಯುವುದನ್ನು ನೋಡಿ ಬಂದೆ. ಒಳಗೆ ಹೋಗಲು ನನ್ನ ಬಳಿ ಕೀಲಿ ಇರಲಿಲ್ಲ.

ಆಷಾಢ ಇನ್ನೂ ಇರುವಾಗಲೇ ಅತ್ತೆ ದಲ್ಲಾಳಿಗೆ ಹೇಳಿ ಕಳಿಸಿದರು: ಈಗ ತೋರಿಸಿದರೆ ಉಂಟು, ಇಲ್ಲದಿದ್ದರೆ ಶ್ರಾವಣದಲ್ಲಿ ನಮ್ಮ ಮನೆಗೆ ಬರಬೇಡ. ಇನ್ನೊಂದು ಪಾರ್ಟಿ ಏನಾಯಿತೋ ಕಾಣೆ, ಅವನು ಒಪ್ಪಿದ. ನನ್ನನ್ನೂ ಕರೆದರು.

ನಾವು ಹೋದಾಗ ಎಲ್ಲ ಕಿಟಕಿಗಳೂ ತೆರೆದಿದ್ದವು, ಎಲ್ಲ ಫ್ಯಾನುಗಳೂ ಜೋರಾಗಿ ತಿರುಗುತ್ತಿದ್ದವು. ನೆಲ ಪೂರ್ತಿ ಒದ್ದೆ. ನಡುಮನೆಯಲ್ಲಿ ಬಕೆಟ್ಟು, ಅದರ ಪಕ್ಕ ನೆಲ ಒರೆಸುವ ಕೋಲು.

“ಈಗಿನ್ನೂ ಒರಸ್ಸಿದ್ದು” ಎಂದ ದಲ್ಲಾಳಿ. “ನೀವು ಬತ್ತೀರಿ ಅಂತ ಕ್ಲೀನ್ ಮಾಡ್ಸುದ್ವಿ. ಕಾಲಿಟ್ರೆ ಹೆಜ್ಜೆ ಮೂಡ್ತದೆ, ಬಾಗ್ಲಿಂದ್ಲೇ ನೋಡ್ಕಬುಡಿ.”

ನನಗೆ ಒಳಗೊಳಗೇ ಅವನ ಬುದ್ಧಿಗೆ ಮೆಚ್ಚುಗೆಯಾಯಿತು. ಬೆವರುವ ನೆಲವನ್ನು ಮುಚ್ಚಿಡಲು ಅದನ್ನು ಒದ್ದೆ ಮಾಡಿಬಿಡುವುದಕ್ಕಿಂತ ಒಳ್ಳೆಯ ಉಪಾಯ ಇನ್ನೇನಿದೆ? ಮುಟ್ಟಿ ನೋಡಿದರೂ ಏನೂ ತಿಳಿಯುವುದಿಲ್ಲ. ಜಗಳಕ್ಕೆ ನಿಂತರೆ ಅವನಿಗೇ ಅನುಕೂಲ.

“ಪರವಾಗಿಲ್ಲ. ಒಣಗಲಿ, ಕಾಯ್ತೀವಿ” ಎಂದೆ.

“ಕೆಲ್ಸ ಅದೆ ಮೇಡಂ ನಂಗೆ.”

“ನೀನು ಓಗಪ್ಪ ಕೆಲ್ಸಕ್ಕೆ. ನಾವು ಇರ್ತೀವಿ” ಎಂದರು ಅತ್ತೆ. ಆಷಾಢದಲ್ಲಿ ಹೊಸ್ತಿಲು ದಾಟುವುದಿಲ್ಲ ಎಂದು ಮೊದಲೇ ಹೇಳಿದ್ದ ಅವರು ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದರು. ದಲ್ಲಾಳಿ ಹೋಗಲಿಲ್ಲ. ಕಾಫಿ ತರಿಸಲೇ ಎಂದ, ಬೇಡವೆಂದೆವು. ಊಟದ ಹೊತ್ತಾಯಿತಲ್ಲ ಎಂದ, ಉಂಡು ಬಂದಿದ್ದೇವೆ ಎಂದೆವು. ಅವನು ನಮ್ಮನ್ನು ನೋಡುವುದು, ನಾವು ನೆಲವನ್ನು ನೋಡುವುದು, ಹೀಗೆ ನಡೆಯಿತು.

ಬಾಗಿಲ ಬಳಿ ನೆಲ ಬೇಗ ಒಣಗಿತು. ನಡುಮನೆಯಲ್ಲಿ ಅಲ್ಲಲ್ಲಿ ಒಣಗಿತು. ಉತ್ತರದ ಕೋಣೆ ಮಾತ್ರ ಹೊಳೆಯುತ್ತಲೇ ಇತ್ತು. ಡೇರಿಯವಳು ತನ್ನ ಚೀಲದಿಂದ ಟವೆಲ್ಲು ತೆಗೆದು ಒಳಗೆ ಹೋದಳು. ಕನ್ನಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಚಾಪೆಯಗಲದ ನೆಲವನ್ನು ಒತ್ತಿ ಒತ್ತಿ ಒರೆಸಿದಳು, ಟವೆಲ್ಲು ಹಿಂಡಿ ಮತ್ತೆ ಒರೆಸಿದಳು. ಅಷ್ಟು ಜಾಗ ಪೂರ್ತಿ ಒಣಗಿದ ಮೇಲೆ ಅದರ ಪಕ್ಕದಲ್ಲೇ ಕೂತು ಕಾದಳು. ನಾನು ಬಾಗಿಲಿಗೆ ಒರಗಿ ನಿಂತೆ. ಆ ನೆಲ ಹಾಗೇ ಒಣಗಿರಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ನನಗೆ ಕೆಟ್ಟ ಹೆಸರು ಬಂದರೂ ಬರಲಿ, ಮಗುವಿಗೆ ಒಂದು ಮನೆಯಾಗಲಿ.

ಮೊದಲು ಟೈಲ್ಸಿನ ಸಂದಿಗಳು ಕಪ್ಪಾದವು. ಆಮೇಲೆ ಸಂದಿಯ ಉದ್ದಕ್ಕೂ ಸಣ್ಣ ಸಣ್ಣ ಹನಿ ಎದ್ದವು. ಅವಳು ಒಂದನ್ನು ಬೆರಳಿಂದ ಒರೆಸಿದಳು, ಅದೇ ಜಾಗದಲ್ಲಿ ಇನ್ನೊಂದು ಎದ್ದಿತು.

“ಮಳೆಗಾಲ ಅಲ್ವ, ವಸಿ ತ್ಯಾವ ಇರ್ತದೆ” ಎಂದ ದಲ್ಲಾಳಿ. ಡೇರಿಯವಳು ಮತ್ತೊಂದು ಹನಿ ಒರೆಸುವುದನ್ನು ನೋಡಿ, “ಈ ಸಾಲಲ್ಲಿ ಎಲ್ಲ ಮನೆದೂ ಇದೇ ಕತೆ. ನಾನೊಬ್ಬ ಏನ್ ಮಾಡ್ಲಿ?” ಎಂದು ಹೊರಗೆ ಹೋದ.

“ಏನಾಯ್ತವ್ವಾ? ಒಣಗ್ತಾ?” ಎಂದು ಅತ್ತೆ ಕಟ್ಟೆಯಿಂದ ಕೂಗಿ ಕೇಳಿದರು.

ಡೇರಿಯವಳು ಏಳಲಿಲ್ಲ. “ನಿಮ್ ಅನುಮಾನ ಸುಳ್ಳಾಗ್ಲಿ ಅಂತ ದಿನಾ ದೇವ್ರಿಗೆ ಕೈ ಮುಗೀತಿದ್ದೆ ಅಕ್ಕ” ಎಂದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ನಾನು ಅವಳ ಪಕ್ಕ ಕೂತೆ, ನನ್ನ ಸೀರೆಯ ಅಂಚೂ ನೆಂದಿತು. ಗೆದ್ದೆ ಎಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಆ ಹೊತ್ತಿನಲ್ಲಿ ನನ್ನ ಕಸುಬಿನ ಮೇಲೆಯೇ ನನಗೆ ಬೇಸರ ಬಂತು.

ಹೊರಗೆ ಬಂದು ಅತ್ತೆಗೆ ನಡೆದದ್ದನ್ನು ಹೇಳಿದೆವು. ಅವರು ಎಲೆ ಅಡಿಕೆಯ ಚೀಲವನ್ನು ನಿಧಾನಕ್ಕೆ ಕಟ್ಟಿದರು. ಮೊಮ್ಮಗಳು ಅವರ ಮಡಿಲಲ್ಲಿ ತಲೆಯಿಟ್ಟು ಮಲಗಿತ್ತು, ಎದೆ ಸಣ್ಣಗೆ ಸುಯ್‌ಗುಡುತ್ತಿತ್ತು. ಬಸ್ ಸ್ಟ್ಯಾಂಡಿಗೆ ಹೊರಡೋಣ ಎಂದಳು ಸೊಸೆ. ಅತ್ತೆ ಎದ್ದು ನಿಂತವರು ನನ್ನ ಕಡೆ ತಿರುಗಿದರು.

“ಬ್ಯಾರೆ ಮನೆ ಗೊತ್ತೇನವ್ವ ನಿಂಗೆ?”

“ಒಂದಿದೆ. ಬೆಟ್ಟದ ಕಡೆ ರಸ್ತೆಯಲ್ಲಿ, ದಿಣ್ಣೆ ಮೇಲೆ. ಹಳೇದು, ಸಣ್ಣದು. ಬಾಗಿಲು ದಕ್ಷಿಣಕ್ಕೆ. ಅಡುಗೆಮನೆ ಇರಬಾರದ ಕಡೆ ಇದೆ. ಅದಕ್ಕೇ ಯಾರೂ ಕೊಳ್ಳದೆ ಉಳಿದಿದೆ.”

“ನಡಿ.”

“ಈಗಲೇನಾ? ಆಷಾಢ ಮುಗಿದ ಮೇಲೆ...”

“ಆಸಾಡ ಮುಗುದ್ರೆ ಎಲ್ಲ ನೆಲವೂ ಒಣಗೋಯ್ತವೆ” ಎಂದರು. ಅದು ನಿಜವಲ್ಲ, ನಾಲೆ ಇನ್ನೂ ಬಹಳ ದಿನ ಹರಿಯುತ್ತದೆ. ಆದರೆ ನಾನು ತಿದ್ದಲು ಹೋಗಲಿಲ್ಲ.

ದಿಣ್ಣೆಯ ಮನೆಯ ಯಜಮಾನ ಒಬ್ಬ ಮುದುಕ, ಬಾಗಿಲು ತೆರೆದು ಪಕ್ಕಕ್ಕೆ ನಿಂತ. ಒಳಗೆ ಅಲಂಕಾರ ಏನೂ ಇರಲಿಲ್ಲ. ಹಳೆಯ ರೆಡ್‌ಆಕ್ಸೈಡ್ ನೆಲ, ಸುಣ್ಣದ ಗೋಡೆ, ಎದುರುಬದುರಾಗಿ ಎರಡು ದೊಡ್ಡ ಕಿಟಕಿ. ನಾನು ರೂಢಿಯಂತೆ ದಿಕ್ಸೂಚಿಗೆಂದು ಚೀಲಕ್ಕೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ಬೇಡವೆಂದು ತಲೆಯಾಡಿಸಿದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಚಪ್ಪಲಿ ಬಿಟ್ಟು, ಹೊಸ್ತಿಲ ಮುಂದೆ ಒಂದು ಕ್ಷಣ ನಿಂತರು. ಆಮೇಲೆ ಮೊಮ್ಮಗಳ ಕೈ ಹಿಡಿದು ದಾಟಿದರು.

ಬರಿಗಾಲಲ್ಲಿ ಮೂಲೆ ಮೂಲೆಗೂ ನಡೆದು ನೋಡಿದರು. ಬಾಗಿ ಗೋಡೆಯ ಬುಡವನ್ನು ಕೈಯ ಹಿಂಬದಿಯಿಂದ ಮುಟ್ಟಿದರು. ಕೋಣೆಯ ನಟ್ಟನಡುವೆ ಹುಡುಗಿಯನ್ನು ನಿಲ್ಲಿಸಿ, ಅವಳ ಎದೆಗೆ ತಮ್ಮ ಕಿವಿಯಿಟ್ಟರು.

“ಉಸ್ರು ಎಳ್ಕೊ ಕಂದ.”

ಹುಡುಗಿ ಎಳೆದುಕೊಂಡು ಬಿಟ್ಟಳು. “ವಾಸ್ನೆ ಇಲ್ಲ ಅಜ್ಜಿ” ಎಂದಳು.

ಡೇರಿಯವಳು ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಕಣ್ಣು ಮುಚ್ಚಿಕೊಂಡು, ಕಿವಿ ತೆಗೆಯದೆ ಹೇಳಿದರು:

“ಇನ್ನೊಂದ್ ಕಿತ ಎಳ್ಕೊ.”